ಗಂಟು ಸಿಕ್ಕ ದಿನದಿಂದ ಚಿಕಿತ್ಸೆ ಶುರುವಾಗುವ ದಿನದವರೆಗೆ

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ದಿನ ಅಂದರೆ ಹೊಸ ಔಷಧಿ, ಹೊಸ ಯಂತ್ರಗಳ ಮಾತೇ ಜಾಸ್ತಿ. ಇಲ್ಲಿ ಕೂತಿರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಅದನ್ನು ನಾನು ಹೇಳಬೇಕಾಗಿಲ್ಲ. ಔಷಧಿ ಇದ್ದೂ ಸಾಯುವವರ ಬಗ್ಗೆ ಇವತ್ತು ಮಾತಾಡುತ್ತೇನೆ.

ಅಮೆರಿಕದ ಲೆಕ್ಕ ನೋಡಿ. ಅಲ್ಲಿ ಸ್ತನ ಕ್ಯಾನ್ಸರ್ ಬಿಳಿಯ ಹೆಂಗಸರಿಗಿಂತ ಕಪ್ಪು ಹೆಂಗಸರಿಗೆ ಸ್ವಲ್ಪ ಕಡಿಮೆಯೇ ಬರುತ್ತದೆ. ಆದರೆ ಸಾಯುವ ಪ್ರಮಾಣ ಸುಮಾರು ಶೇ. 40ರಷ್ಟು ಜಾಸ್ತಿ. ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸಾಯುವ ಪ್ರಮಾಣ ಬಿಳಿಯ ಗಂಡಸರಿಗಿಂತ ಕಪ್ಪು ಗಂಡಸರಲ್ಲಿ ಸುಮಾರು ಎರಡು ಪಟ್ಟು. ಕೇಳಿದ ತಕ್ಷಣ "ಅದು ಅವರ ರಕ್ತದಲ್ಲೇ ಇರಬೇಕು ಬಿಡಿ" ಅನ್ನುವವರಿದ್ದಾರೆ. ಈ ಮಾತಿನ ಜೊತೆ ನನಗೆ ಹಳೆಯ ಜಗಳ.

ಹೆರಾಲ್ಡ್ ಫ್ರೀಮನ್ ಅಂತ ಒಬ್ಬ ಕಪ್ಪು ಸರ್ಜನ್. 1967ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಗೆ ಬಂದರು. ಹಾರ್ಲೆಮ್ ಅಂದರೆ ಬಡ ಕಪ್ಪು ಜನರೇ ಹೆಚ್ಚಿದ್ದ ಬಡಾವಣೆ. ಅದೇ ಊರಿನ ಹೆಸರಾಂತ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕಲಿತು ಬಂದವರು. ಆದರೆ ಹಾರ್ಲೆಮ್‌ನಲ್ಲಿ ಅವರ ಮುಂದೆ ಬರುತ್ತಿದ್ದ ಹೆಂಗಸರಲ್ಲಿ ಎಷ್ಟೋ ಜನರ ಗಂಟು ಆಗಲೇ ಒಡೆದು ಹುಣ್ಣಾಗಿರುತ್ತಿತ್ತು. ಕತ್ತರಿ ಹಿಡಿದವರು ಆಗ ಏನು ತಾನೇ ಮಾಡಿಯಾರು? 1964ರಿಂದ 1986ರವರೆಗೆ ಅಲ್ಲಿಗೆ ಬಂದ 606 ಸ್ತನ ಕ್ಯಾನ್ಸರ್ ರೋಗಿಗಳ ಲೆಕ್ಕ ತೆಗೆದರು. ಹೆಚ್ಚುಕಡಿಮೆ ಅರ್ಧ ಜನ ಬಂದಿದ್ದೇ ಮೂರನೇ, ನಾಲ್ಕನೇ ಹಂತದಲ್ಲಿ. ಮೊದಲ ಹಂತದಲ್ಲಿ ಬಂದವರು ನೂರಕ್ಕೆ 6. ಐದು ವರ್ಷ ಬದುಕಿದವರು ನೂರಕ್ಕೆ 39.

ಫ್ರೀಮನ್ 1979ರಲ್ಲಿ ಉಚಿತ ತಪಾಸಣೆ ಶುರು ಮಾಡಿದರು. ಮುಂದೆ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಅಧ್ಯಕ್ಷರಾದಾಗ, 1989ರಲ್ಲಿ, ಬೇರೆ ಬೇರೆ ಊರುಗಳಲ್ಲಿ ಬಡ ರೋಗಿಗಳನ್ನೇ ಕರೆಸಿ ಅವರ ಕಷ್ಟ ಕೇಳಿದರು. ತಪಾಸಣೆಯಲ್ಲಿ ಗಂಟು ಸಿಗುತ್ತದೆ, ಸರಿ. ಆಮೇಲೆ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡುವ ಬಯಾಪ್ಸಿ ಆಗಬೇಕಲ್ವಾ? ವಿಮೆ ಇಲ್ಲ. ಕೆಲಸಕ್ಕೆ ಹೋಗದಿದ್ದರೆ ಕೂಲಿ ಇಲ್ಲ. ಮಗುವನ್ನು ನೋಡಿಕೊಳ್ಳುವವರಿಲ್ಲ. ಭಯ ಬೇರೆ. ಹೀಗೇ ತಿಂಗಳುಗಳು ಹೋಗುತ್ತವೆ.

1990ರಲ್ಲಿ ಅವರು ರೋಗಿಯ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿದರು. ಡಾಕ್ಟರ್ ಅಲ್ಲ, ಆ ಜನರ ನಡುವೆಯೇ ಇದ್ದು ಅವರನ್ನು ಬಲ್ಲವರು. ಪೇಷಂಟ್ ನ್ಯಾವಿಗೇಟರ್ ಅಂತ ಕರೆದರು. ಅರ್ಜಿ ತುಂಬಿಸುವುದು, ಮುಂದಿನ ತಾರೀಕು ನೆನಪಿಸುವುದು, ಬರದಿದ್ದರೆ ಯಾಕೆ ಬರಲಿಲ್ಲ ಅಂತ ವಿಚಾರಿಸುವುದು ಅವರ ಕೆಲಸ. 1995ರಿಂದ 2000ದವರೆಗಿನ ರೋಗಿಗಳಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 70! ಅಷ್ಟರಲ್ಲಿ ಚಿಕಿತ್ಸೆಯೂ ಸುಧಾರಿಸಿತ್ತು, ನಿಜ. ಬೇಗ ಪತ್ತೆಯಾದಾಗ ವರ್ಷಗಳ ಲೆಕ್ಕ ತಾನಾಗಿಯೇ ಸ್ವಲ್ಪ ಉದ್ದ ಕಾಣುತ್ತದೆ, ಅದೂ ನಿಜ. ಆದರೆ ಕೊನೆಯ ಹಂತಗಳಲ್ಲಿ ಬರುವವರು ಅರ್ಧದಿಂದ ನೂರಕ್ಕೆ 21ಕ್ಕೆ ಇಳಿದರು. ಅದೇ ಬಡಾವಣೆ, ಅದೇ ಆಸ್ಪತ್ರೆ. ರಕ್ತ ಬದಲಾಯಿತೇ?

ದೇಹದ ಪಾತ್ರ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಟ್ರಿಪಲ್ ನೆಗೆಟಿವ್ ಅನ್ನುವ, ಬೇಗ ಹರಡುವ ಬಗೆಯ ಸ್ತನ ಕ್ಯಾನ್ಸರ್ ಕಪ್ಪು ಹೆಂಗಸರಲ್ಲಿ ಸುಮಾರು ಎರಡು ಪಟ್ಟು. ಹಾಗಿದ್ದರೆ ಅವರಿಗೆ ಚಿಕಿತ್ಸೆ ಇನ್ನೂ ಬೇಗ ಸಿಗಬೇಕಿತ್ತು. ಸಿಗುತ್ತಿರುವುದು ಇನ್ನೂ ತಡವಾಗಿ. ನನಗೆ ಸಿಟ್ಟು ಬರುವುದು ಇಲ್ಲೇ.

ಫ್ರೀಮನ್ ಬಗ್ಗೆ ಮಾತಾಡುತ್ತಾ ಹೊತ್ತು ಹೋಯಿತು. ನಮ್ಮ ಸಭೆಯ ಅಧ್ಯಕ್ಷರು ಎರಡನೇ ಸಲ ಗಡಿಯಾರ ನೋಡಿದರು. ಅಮೆರಿಕದ್ದೇ ಆದ ಡೆಲವೇರ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಈ ಪುಟ್ಟ ರಾಜ್ಯ 2002ರಿಂದ ವಿಮೆ ಇಲ್ಲದವರಿಗೂ ದೊಡ್ಡಕರುಳಿನ ತಪಾಸಣೆಯ ಖರ್ಚು ಕೊಟ್ಟಿತು. ಆಮೇಲೆ ಕ್ಯಾನ್ಸರ್ ಚಿಕಿತ್ಸೆಯ ಖರ್ಚನ್ನೂ ಕೊಟ್ಟಿತು, ಜೊತೆಗೆ ನರ್ಸ್ ನ್ಯಾವಿಗೇಟರ್‌ಗಳನ್ನೂ ಇಟ್ಟಿತು. 2001ರಲ್ಲಿ ತಪಾಸಣೆ ಮಾಡಿಸಿಕೊಂಡ ಕಪ್ಪು ಜನ ನೂರಕ್ಕೆ 48, 2009ರಲ್ಲಿ 74. ಬಿಳಿಯರೂ ಅಷ್ಟೇ, 74. ಕರುಳಿನ ಕ್ಯಾನ್ಸರ್ ಸಾವಿನಲ್ಲಿದ್ದ ಅಂತರ ಹೆಚ್ಚುಕಡಿಮೆ ಮುಚ್ಚಿಹೋಯಿತು. ಇದಕ್ಕೆ ಬೇಕಾಗಿದ್ದು ಎಂಟೇ ವರ್ಷ.

ಮುಂಬೈ ಕೊಳೆಗೇರಿಗಳ ಮಾತನ್ನು ಬಿಡುವ ಹಾಗಿಲ್ಲ. ಹತ್ತನೇ ಕ್ಲಾಸ್ ಓದಿದ ಹೆಂಗಸರಿಗೆ ತರಬೇತಿ ಕೊಟ್ಟು, ಅಸಿಟಿಕ್ ಆಸಿಡ್, ಅಂದರೆ ವಿನೆಗರ್‌ನಲ್ಲಿರುವ ಆಮ್ಲ, ಹಚ್ಚಿ ಗರ್ಭಕಂಠ ನೋಡುವುದನ್ನು ಕಲಿಸಿದರು. ಅಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಶೇ. 31ರಷ್ಟು ಇಳಿಯಿತು. ಈ ಕೆಲಸ ನಿಮ್ಮಿಂದ ಆಗುವುದಿಲ್ಲ ಅಂತ ಯಾರಾದರೂ ಅಂದರೆ ಈ ಸಂಖ್ಯೆ ಹೇಳಿ.

ರಾಯಚೂರಿನಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ತಾಯಿಯ ಕೈಯಲ್ಲಿ ಬಿಪಿಎಲ್ ಕಾರ್ಡಿನ ಜೆರಾಕ್ಸ್, ತಾಲೂಕು ಆಸ್ಪತ್ರೆಯ ರೆಫರಲ್ ಚೀಟಿ ಇರುತ್ತವೆ. ಯಾವ ಕೌಂಟರ್ ಮುಂದೆ ನಿಲ್ಲಬೇಕು, ರಾತ್ರಿ ಎಲ್ಲಿ ಮಲಗಬೇಕು, ಮುಂದಿನ ಸಲ ಯಾವತ್ತು ಬರಬೇಕು? ಇದನ್ನೆಲ್ಲ ಹೇಳಲು ಪ್ರತಿ ತಾಲೂಕಿಗೆ ಒಬ್ಬ ನ್ಯಾವಿಗೇಟರ್, ಇದೊಂದೇ ಕೆಲಸಕ್ಕೆ, ಪೂರ್ತಿ ಸಂಬಳದ ಮೇಲೆ ಬೇಕು. ಆಶಾ ಅಕ್ಕಂದಿರ ತಲೆಯ ಮೇಲೆ ಇನ್ನೊಂದು ರಿಜಿಸ್ಟರ್ ಹೇರಿ "ಇದನ್ನೂ ನೀವೇ ನೋಡಿಕೊಳ್ಳಿ" ಅನ್ನುವುದಾದರೆ ನಾನು ಒಪ್ಪುವುದಿಲ್ಲ. ಈ ಬೇಡಿಕೆಯನ್ನು ಬರೆದು ತಂದಿದ್ದೇನೆ. ಹೊರಗಿನ ಮೇಜಿನ ಮೇಲಿದೆ, ಓದಿ ನೋಡಿ. ಒಪ್ಪಿಗೆಯಾದರೆ ಸಹಿ ಹಾಕಿ ಹೋಗಿ.