ಹತ್ತು ದಿನದ ಶಿಬಿರದಿಂದ ಬಾಸ್ಕೆಟ್‌ಬಾಲ್ ತಂಡ ಆಗುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಾಸ್ಕೆಟ್‌ಬಾಲ್ ತಂಡ ಸಿದ್ಧವಾಗುವ ಬಗೆ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಸಂಯೋಜಿತ ಕಾಲೇಜುಗಳ ನಡುವೆ ಎರಡು ಮೂರು ದಿನದ ಟೂರ್ನಿ ನಡೆಯುತ್ತದೆ, ಅಂಕಣದ ಪಕ್ಕದಲ್ಲೇ ಕೂತು ಆಯ್ಕೆ ಸಮಿತಿಯವರು ಪಟ್ಟಿ ಮಾಡುತ್ತಾರೆ. ಆಮೇಲೆ ಹತ್ತು ಹನ್ನೆರಡು ದಿನದ ಶಿಬಿರ, ಹೊಸ ಜರ್ಸಿ, ರೈಲು ಹತ್ತಿದರೆ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿ. ಅಲ್ಲಿ ಎದುರಾಗುವುದು ಚೆನ್ನೈನ ಖಾಸಗಿ ವಿಶ್ವವಿದ್ಯಾಲಯ ಎಸ್‌ಆರ್‌ಎಂನಂಥ, ಒಂದೇ ಕ್ಯಾಂಪಸ್ಸಿನಲ್ಲಿ ಓದಿ ಒಟ್ಟಿಗೆ ಆಡಿ ಪಳಗಿದ ತಂಡ. ನಮ್ಮ ಹುಡುಗರಿಗೆ ಆಗಿನ್ನೂ ಒಬ್ಬರ ಹೆಸರು ಒಬ್ಬರಿಗೆ ಬಾಯಿಪಾಠ ಆಗುತ್ತಿರುತ್ತದೆ.

ಪ್ರತಿಭೆಗೆ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನ ಕ್ಲಬ್ಬುಗಳಲ್ಲಿ, ಮೈಸೂರು, ಮಂಡ್ಯ, ಧಾರವಾಡ, ಮಂಗಳೂರಿನ ಅಂಕಣಗಳಲ್ಲಿ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲುಗಳಲ್ಲಿ ಒಳ್ಳೆಯ ಆಟಗಾರರು ತಯಾರಾಗುತ್ತಾರೆ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲೇ, ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ನಡೆಯಿತು. ನಮಗೆ ಬೇಕಿರುವುದು ಪಿಯುಸಿ ಮುಗಿಸಿದ ಆ ಮಕ್ಕಳನ್ನು ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ. ಶುಲ್ಕ ವಿನಾಯಿತಿ, ಹಾಸ್ಟೆಲ್ ಕೊಠಡಿ, ಊಟ, ಈ ಮೂರನ್ನು ಪ್ರವೇಶ ಶುರುವಾಗುವ ಮುಂಚೆಯೇ ಬರವಣಿಗೆಯಲ್ಲಿ ಕೊಡುವ ಸಂಸ್ಥೆಗೆ ಅವರು ಹೋಗುತ್ತಾರೆ. ‘ಮೊದಲು ಸೇರಿಕೊಳ್ಳಿ, ಆಮೇಲೆ ನೋಡೋಣ’ ಎನ್ನುವ ಕಡೆಗೆ ಯಾವ ತಂದೆತಾಯಿಯೂ ಕಳಿಸುವುದಿಲ್ಲ.

ಹತ್ತು ದಿನದ ತಂಡ ಎಲ್ಲಿ ಸೋಲುತ್ತದೆ ಎಂಬುದು ಎದುರಾಳಿ 2-3 ಜೋನ್ ಎಂಬ ರಕ್ಷಣೆ ಹಾಕಿದಾಗ ಚೆನ್ನಾಗಿ ಕಾಣುತ್ತದೆ. ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಬುಟ್ಟಿಯ ಸುತ್ತ ಜಾಗ ಮುಚ್ಚುತ್ತಾರೆ. ಒಂದು ಸರದಿಗೆ ಸಿಗುವುದು 24 ಸೆಕೆಂಡು. ಅರ್ಧ ಅಂಕಣ ದಾಟುವುದರಲ್ಲೇ ಆರೇಳು ಸೆಕೆಂಡು ಹೋಗಿರುತ್ತದೆ. ನಂತರ ಚೆಂಡು ಮೂರಂಕದ ಗೆರೆಯ ಹೊರಗೆ ಕೈಯಿಂದ ಕೈಗೆ ಸುತ್ತುತ್ತದೆ, ಒಳಕ್ಕೆ ಹೋಗುವುದೇ ಇಲ್ಲ. ಗಡಿಯಾರ ಮೂರು ಸೆಕೆಂಡು ತೋರಿಸುವಾಗ ಯಾರೋ ಒಬ್ಬರು ಅವಸರದಲ್ಲಿ ದೂರದಿಂದ ಎಸೆಯುತ್ತಾರೆ. ಇದನ್ನು ಒಡೆಯುವ ದಾರಿ ಎಲ್ಲ ಕೋಚ್‌ಗಳಿಗೂ ಗೊತ್ತು. ಬುಟ್ಟಿಯ ಎದುರಿನ ಫ್ರೀ ಥ್ರೋ ಗೆರೆಯ ಹತ್ತಿರ ಒಬ್ಬರು ನಿಲ್ಲಬೇಕು. ಚೆಂಡು ಅವರಿಗೆ ಸಿಕ್ಕ ತಕ್ಷಣ ಹಿಂಸಾಲಿನ ನಡುವಿನ ರಕ್ಷಕ ಮೇಲೆ ಬರುತ್ತಾನೆ, ಅವನ ಬೆನ್ನ ಹಿಂದೆ ಜಾಗ ತೆರೆಯುತ್ತದೆ. ಅದೇ ಕ್ಷಣಕ್ಕೆ ಬೇಸ್‌ಲೈನಿನಿಂದ, ಅಂದರೆ ಬುಟ್ಟಿಯ ಹಿಂದಿನ ಗೆರೆಯ ಕಡೆಯಿಂದ, ಇನ್ನೊಬ್ಬರು ನುಗ್ಗಬೇಕು. ಅರ್ಧ ಸೆಕೆಂಡು ತಡವಾದರೆ ಬಾಗಿಲು ಮುಚ್ಚಿತು. ಆ ಅರ್ಧ ಸೆಕೆಂಡಿನ ಹೊಂದಾಣಿಕೆ ತಿಂಗಳುಗಟ್ಟಲೆ ಜೊತೆಯಲ್ಲಿ ಆಡಿದರಷ್ಟೇ ಬರುತ್ತದೆ.

ಹಾಗಾಗಿ ಮೊದಲ ಕೆಲಸ ವರ್ಷದ ವೇಳಾಪಟ್ಟಿ. ಕಾಲೇಜು ಟೂರ್ನಿಗೆ ಕಾಯದೆ ಜೂನ್, ಜುಲೈನಲ್ಲೇ 24 ಜನ ಸಂಭಾವ್ಯರನ್ನು ಆರಿಸಬೇಕು. ಅವರು ಮೂರು ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಹರಡಿರುತ್ತಾರೆ, ದಿನವೂ ಒಂದೆಡೆ ಸೇರುವುದು ಆಗದ ಮಾತು. ಎರಡು ಅಥವಾ ಮೂರು ಕೇಂದ್ರ ಮಾಡಿ, ವಾರಕ್ಕೆ ನಾಲ್ಕು ಸಂಜೆ ಒಂದೂವರೆ ಗಂಟೆ ಅಂಕಣದಲ್ಲಿ, ಎರಡು ದಿನ ಬೆಳಿಗ್ಗೆ ಜಿಮ್‌ನಲ್ಲಿ ಅಭ್ಯಾಸ ನಡೆಸಬಹುದು. ಭಾನುವಾರ ಎಲ್ಲರೂ ವಿಶ್ವವಿದ್ಯಾಲಯದ ಅಂಕಣಕ್ಕೆ ಬಂದು ಐದೈದು ಜನರ ಪೂರ್ತಿ ಆಟ ಆಡಲಿ. ಬಸ್ ಚಾರ್ಜು, ಮಧ್ಯಾಹ್ನದ ಊಟ ವಿಶ್ವವಿದ್ಯಾಲಯದ್ದು. ಜರ್ಸಿಗೆ, ಟ್ರ್ಯಾಕ್‌ಸೂಟಿಗೆ ಖರ್ಚಾಗುವ ಹಣದಲ್ಲಿ ಒಂದು ಪಾಲು ಇಲ್ಲಿಗೆ ಬಂದರೆ ಸಾಕಷ್ಟು ಭಾನುವಾರ ನಡೆಯುತ್ತವೆ. ಬಟ್ಟೆ ಹಳೆಯದಾದರೂ ನಡೆದೀತು.

ಈ ಯೋಜನೆಯನ್ನು ಕೆಡಿಸುವುದು ಪರೀಕ್ಷೆ. ಸೆಮಿಸ್ಟರ್ ಪದ್ಧತಿಯಲ್ಲಿ ವಲಯ ಟೂರ್ನಿ ಬಹಳ ಸಲ ಪರೀಕ್ಷೆಯ ಆಸುಪಾಸಿನಲ್ಲೇ ಬೀಳುತ್ತದೆ. ಹಾಜರಾತಿ ಶೇ 75 ಆಗದಿದ್ದರೆ ಹಾಲ್ ಟಿಕೆಟ್ ಇಲ್ಲ ಎಂಬ ಹೆದರಿಕೆ ಬೇರೆ. ದೈಹಿಕ ಶಿಕ್ಷಣ ನಿರ್ದೇಶಕರು ಮೌಲ್ಯಮಾಪನ ಕುಲಸಚಿವರ ಜೊತೆ ವರ್ಷದ ಆರಂಭದಲ್ಲೇ ಕೂತು, ಆಟಗಾರರಿಗೆ ಅಭ್ಯಾಸದ ದಿನಗಳ ಹಾಜರಾತಿ, ತಪ್ಪಿಹೋದ ಆಂತರಿಕ ಪರೀಕ್ಷೆಗೆ ಇನ್ನೊಂದು ದಿನಾಂಕ, ಇವಕ್ಕೆ ಸುತ್ತೋಲೆ ಹೊರಡಿಸಬೇಕು. ಟೂರ್ನಿಯ ಹಿಂದಿನ ವಾರ ಪ್ರಾಂಶುಪಾಲರ ಕೊಠಡಿಯ ಮುಂದೆ ಅರ್ಜಿ ಹಿಡಿದು ನಿಂತ ಹುಡುಗಿಯ ಮನಸ್ಸು ಆಟದ ಮೇಲೆ ಇರಲು ಸಾಧ್ಯವೇ?

ಅಂಕಣದ ವಿಷಯ ಹೇಳಲೇಬೇಕು. ಬಹಳಷ್ಟು ಕಾಲೇಜುಗಳಲ್ಲಿ ಇರುವುದು ಬಯಲಿನ ಕಾಂಕ್ರೀಟ್ ಅಂಕಣ. ಅದರಲ್ಲೇ ಒಳ್ಳೆಯ ತಂಡ ಕಟ್ಟಬಹುದು, ಆದರೆ ಅಳತೆ ಸರಿಯಿರಬೇಕು. ಉದ್ದ 28 ಮೀಟರ್, ಅಗಲ 15 ಮೀಟರ್, ನೆಲದಿಂದ ರಿಂಗ್ 3.05 ಮೀಟರ್. ಬಿರುಕು ಬಿಟ್ಟ ನೆಲದ ಮೇಲೆ ಹೊಸ ಪದರ ಹಾಕಿಸುವಾಗ ಕಂಬವನ್ನು ಹಾಗೇ ಬಿಟ್ಟುಬಿಡುತ್ತಾರೆ. ಪದರ ಐದು ಸೆಂಟಿಮೀಟರ್ ಇದ್ದರೆ ರಿಂಗ್ ಮೂರೇ ಮೀಟರಿಗೆ ಇಳಿಯಿತು. ಅಲ್ಲಿ ವರ್ಷವಿಡೀ ಎಸೆದು ಕೈ ಕೂರಿಸಿಕೊಂಡವರು ವಲಯ ಟೂರ್ನಿಯಲ್ಲಿ ಎಸೆದರೆ ಚೆಂಡು ರಿಂಗಿನ ಮುಂಭಾಗಕ್ಕೇ ತಾಗುತ್ತದೆ. ಟೇಪು ಹಿಡಿದು ರಿಂಗಿನ ಎಡ, ಬಲ, ಮುಂದೆ ಮೂರೂ ಕಡೆ ಅಳೆಯಿರಿ. ಹುಡುಗರು ನೇತಾಡಿದ ರಿಂಗ್ ಮುಂದಕ್ಕೆ ಬಾಗಿರುತ್ತದೆ. ಚೆಂಡಿನ ವಿಷಯವೂ ಹೀಗೆಯೇ: ಪುರುಷರಿಗೆ 7ನೇ ಸೈಜು, ಮಹಿಳೆಯರಿಗೆ 6. ಎರಡೂ ತಂಡಕ್ಕೆ ಒಂದೇ ಮೂಟೆಯ ಚೆಂಡು ಕೊಡುವುದು ಹುಡುಗಿಯರ ಅಭ್ಯಾಸವನ್ನು ಹಾಳುಮಾಡಿದಂತೆ. ಅಂಕಣ ಒಂದೇ ಇದ್ದರೆ ಬೆಳಕಿರುವ ಹೊತ್ತು ದಿನ ಬಿಟ್ಟು ದಿನ ಅವರಿಗೆ ಸಿಗಬೇಕು.

ಮಂಡಿಯ ಗಾಯದಿಂದ ಆಟ ನಿಲ್ಲಿಸಿದವರು ಪ್ರತಿ ವಿಶ್ವವಿದ್ಯಾಲಯದಲ್ಲೂ ಇದ್ದಾರೆ. ಜಿಗಿದು ಇಳಿಯುವಾಗ, ಓಡುತ್ತ ಥಟ್ಟನೆ ದಿಕ್ಕು ಬದಲಿಸುವಾಗ ಮಂಡಿ ಒಳಮುಖವಾಗಿ ಕುಸಿದರೆ ಎಸಿಎಲ್ ಎಂಬ ಅಸ್ಥಿಬಂಧ ಹರಿಯುತ್ತದೆ. ಹುಡುಗಿಯರಲ್ಲಿ ಈ ಅಪಾಯ ಹೆಚ್ಚು. ಅಭ್ಯಾಸದ ಮೊದಲ ಹದಿನೈದು ನಿಮಿಷವನ್ನು ಇದಕ್ಕೇ ಕೊಡಿ: ಸ್ಕ್ವಾಟ್ (ಬಸ್ಕಿ), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಾಗಿಸುವುದು), ಒಂಟಿಕಾಲ ಸಮತೋಲನ, ಜಿಗಿದು ಎರಡೂ ಪಾದಗಳ ಮೇಲೆ ಮೆತ್ತಗೆ ಇಳಿಯುವುದು. ಇಳಿದಾಗ ದಪ್ಪನೆ ಸದ್ದು ಬಂದರೆ ಮಂಡಿ ಸಾಕಷ್ಟು ಬಾಗಿಲ್ಲ ಎಂದೇ ಲೆಕ್ಕ. ಅಂಕಣ ಸುತ್ತ ಎರಡು ರೌಂಡ್ ಓಡಿಸಿದರೆ ಮೈ ಬಿಸಿಯಾಗುತ್ತದೆ, ಮಂಡಿಗೆ ರಕ್ಷಣೆ ಸಿಗುವುದಿಲ್ಲ.

ಪ್ರತಿ ಭಾನುವಾರದ ಪಂದ್ಯಕ್ಕೂ ಲೆಕ್ಕ ಬರೆಯಲು ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ. ಎಲ್ಲಿಂದ ಎಸೆದರು, ಎಷ್ಟು ಬಿತ್ತು, ಚೆಂಡು ಎಷ್ಟು ಸಲ ಕಳೆದುಕೊಂಡರು, ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು) ಯಾರಿಗೆ, ಇಷ್ಟು ಸಾಕು. ಮೂರಂಕದ ಎಸೆತ ಮೂರಕ್ಕೆ ಒಂದು ಬಿದ್ದರೆ, ಎರಡಂಕದ್ದು ಎರಡಕ್ಕೆ ಒಂದು ಬಿದ್ದಷ್ಟೇ ಫಲ. ಐದಕ್ಕೆ ಒಂದು ಬೀಳುವವರಿಗೆ ಆ ಹಾಳೆಯನ್ನೇ ತೋರಿಸಿದರೆ ಬಯ್ಯುವ ಅಗತ್ಯ ಬೀಳುವುದಿಲ್ಲ. ಫ್ರೀ ಥ್ರೋ ಅಭ್ಯಾಸವನ್ನು ಕಾಲು ಸೋತ ಮೇಲೆ, ಕೊನೆಯಲ್ಲಿ ಮಾಡಿಸಿ, ಪಂದ್ಯದಲ್ಲೂ ಅದು ಬೇಕಾಗುವುದು ಆಗಲೇ.

ಇನ್ನು ಗುರಿ. ವಲಯದ ಮೊದಲ ನಾಲ್ಕು ತಂಡಗಳಿಗೆ ಅಖಿಲ ಭಾರತ ಹಂತ, ಅಲ್ಲಿ ಮುಂದೆ ಬಂದವರಿಗೆ ಖೇಲೋ ಇಂಡಿಯಾ. ಮೊದಲ ವರ್ಷವೇ ಅದನ್ನು ಕೇಳುವುದು ಆಟಗಾರರಿಗೂ ಕೋಚ್‌ಗೂ ಮಾಡುವ ಅನ್ಯಾಯ. ಮೊದಲ ವರ್ಷ ಕ್ವಾರ್ಟರ್ ಫೈನಲ್, ಮೂರನೇ ವರ್ಷಕ್ಕೆ ಮೊದಲ ನಾಲ್ಕು ಎಂದಿಟ್ಟುಕೊಳ್ಳೋಣ. ಇಂದು ಪದವಿಗೆ ಸೇರುವವರು ಆ ಹೊತ್ತಿಗೆ ಮೂರನೇ ವರ್ಷದಲ್ಲಿರುತ್ತಾರೆ. ಹಾಗಾಗಿ ಈ ಸಲದ 24 ಹೆಸರುಗಳಲ್ಲಿ ಕನಿಷ್ಠ ಹತ್ತು ಮೊದಲ ವರ್ಷದವರದ್ದಾಗಿರಲಿ. ನಮಸ್ಕಾರ.