ಸಾಲ ಕೊಟ್ಟವನು ಹೊರಗೇ ನಿಲ್ಲಲಿ

ಕೇಳುಗರಿಗೆ ನಮಸ್ಕಾರ.

ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯವನ್ನು ಕಲಬುರಗಿಯಲ್ಲಿ ಕುಳಿತು ಓದಿದರೆ ನಮ್ಮದೇ ಓಣಿಯ ವ್ಯಾಜ್ಯಗಳನ್ನು ಕಂಡು ಬರೆದಂತಿದೆ. ಸಾಲ ಕೊಟ್ಟವನು ಒತ್ತೆಯ ವಸ್ತು ಪಡೆಯಲು ಸಾಲಗಾರನ ಮನೆಯೊಳಗೆ ಕಾಲಿಡಬಾರದು, ಹೊರಗೇ ನಿಲ್ಲಬೇಕು. ಮನೆಯವನೇ ಅದನ್ನು ತಂದುಕೊಡಬೇಕು. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ, ಅದು ಆ ಮನೆಯ ಹೊಟ್ಟೆಪಾಡು. ಬಡವನ ಹೊದಿಕೆ ಒತ್ತೆಗೆ ಬಂದಿದ್ದರೆ ಹೊತ್ತು ಮುಳುಗುವಾಗ ಮರಳಿಸಬೇಕು. ಏಳನೆಯ ವರ್ಷ ಸಾಲವನ್ನೇ ಬಿಟ್ಟುಬಿಡಬೇಕು ಎಂಬುದು 15ನೇ ಅಧ್ಯಾಯದ ಮಾತು. ಅಷ್ಟು ದೂರ ಹೋಗುವ ಮೊದಲು ಈ ಹೊಸ್ತಿಲಿನ ಬಳಿ ಸ್ವಲ್ಪ ನಿಲ್ಲೋಣ.

ನಮ್ಮಲ್ಲಿ ಮೈಕ್ರೋಫೈನಾನ್ಸ್ ಗುಂಪು ಸಾಲದ ವಾರದ ಕಂತು ತಪ್ಪಿದ ಹೆಣ್ಣುಮಕ್ಕಳ ಮನೆ ಮುಂದೆ ಕತ್ತಲಾದರೂ ಏಳದೆ ಕುಳಿತವರನ್ನು ನೀವೂ ಕಂಡಿರಬಹುದು. ಆಕೆಯ ಗುಂಪಿನ ಇತರ ಸದಸ್ಯೆಯರನ್ನೇ ಆಕೆಯ ಮೇಲೆ ಎತ್ತಿಕಟ್ಟುತ್ತಾರೆ. ಇಂಥ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ತೀರಿಸಬೇಕಾದದ್ದು ನಿಜ. ಆದರೆ ಸಾಲ ಮಾಡಿದವಳು ತನ್ನ ಮಾನವನ್ನು ಒತ್ತೆ ಇಟ್ಟಿಲ್ಲ.

ಅದೇ ಅಧ್ಯಾಯ ಕೂಲಿಯ ಮಾತನ್ನೂ ಎತ್ತುತ್ತದೆ: ಆಯಾ ದಿನದ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕು, ಕೂಲಿಯಾಳು ಪರದೇಶಿಯಾಗಿದ್ದರೂ ಸರಿ. ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವವರು ಅಲ್ಲಿ ಪರದೇಶಿಗಳೇ. ಮುಂಗಡ ಪಡೆದು ಹೋದವರ ಲೆಕ್ಕದ ವಹಿ ಮೇಸ್ತ್ರಿಯ ಕೈಯಲ್ಲಿರುತ್ತದೆ. ಎಷ್ಟು ತೀರಿತು, ಎಷ್ಟು ಉಳಿಯಿತು ಎಂದು ಅವನೇ ಹೇಳಬೇಕು. ಜೀತವನ್ನು 1976ರ ಕಾಯ್ದೆ ರದ್ದುಮಾಡಿತು, ಮುಂಗಡದ ಹಿಡಿತ ಮಾತ್ರ ಇನ್ನೂ ಸಡಿಲಿಲ್ಲ.

ಅಧ್ಯಾಯದ ಕೊನೆಗೆ ಹೊಲ ಬರುತ್ತದೆ. ಕೊಯ್ಲಿನಲ್ಲಿ ಮರೆತುಬಿಟ್ಟ ಸಿವುಡನ್ನು ತರಲು ಹಿಂತಿರುಗಬೇಡ, ಅದು ಪರದೇಶಿಗೆ, ತಂದೆಯಿಲ್ಲದವರಿಗೆ, ವಿಧವೆಗೆ ಸೇರಿದ್ದು ಎನ್ನುತ್ತದೆ. ಹಕ್ಕಲು ಆಯುವವರನ್ನು ನೋಡಿ ಬೆಳೆದ ನಮಗೆ ಇದನ್ನು ವಿವರಿಸಬೇಕಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣದ ನೆಲದಲ್ಲಿ ಶರಣ ಆಯ್ದಕ್ಕಿ ಮಾರಯ್ಯನೂ ಚೆಲ್ಲಿದ ಅಕ್ಕಿ ಆಯ್ದೇ ಬದುಕಿದವನು. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಹಿಂತಿರುಗಿಸಿ ಬಾ ಎಂದಳು. ಆ ಕಥೆಯನ್ನು ಬಡವರಿಗೆ ಬುದ್ಧಿ ಹೇಳಲು ಬಳಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಾಕು ಎನ್ನುವ ಧೈರ್ಯ ಬರಿಗೈಯ ಲಕ್ಕಮ್ಮನಿಗಿತ್ತು. ಧರ್ಮೋಪದೇಶಕಾಂಡದಲ್ಲಿರುವ ಮೋಶೆಯ ಧರ್ಮಶಾಸ್ತ್ರ ಅದನ್ನು ಹೊಲದ ಒಡೆಯನಿಂದಲೇ ಕೇಳುತ್ತದೆ.

ಬೈಬಲಿನಲ್ಲೇ ಇನ್ನೊಂದು ಪ್ರಸಂಗವಿದೆ. ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟುವ ಕಾಲದಲ್ಲಿ ಬಡವರು ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟು ಧಾನ್ಯ ತಂದಿದ್ದರು. ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದರು. ಆ ಕೆಲಸ ನಡೆಸುತ್ತಿದ್ದ ಅಧಿಪತಿ ನೆಹೆಮೀಯನು ಸಭೆ ಸೇರಿಸಿ ಶ್ರೀಮಂತರನ್ನು ಎದುರೆದುರೇ ಗದರಿಸಿದ. ತಾನೂ ತನ್ನವರೂ ಸಾಲ ಕೊಟ್ಟವರೆಂಬುದನ್ನು ಅವನು ಮುಚ್ಚಿಡಲಿಲ್ಲ. ಹೊಲಗಳನ್ನೂ ಬಡ್ಡಿಯನ್ನೂ ಮರಳಿಸುವಂತೆ ಯಾಜಕರ ಮುಂದೆ ಅವರಿಂದ ಪ್ರಮಾಣ ಮಾಡಿಸಿದ.

ನಮ್ಮ ಕ್ರೈಸ್ತ ಸಭೆಗಳಿಗೂ ನನ್ನ ಕೋರಿಕೆ ಇಷ್ಟೇ. ಚರ್ಚಿನ ಅಂಗಳ ಗುಡಿಸುವವರು, ನಾವು ನಡೆಸುವ ಶಾಲೆಯ ಆಯಾ, ವಸತಿನಿಲಯದ ಅಡುಗೆಯವರು, ರಾತ್ರಿ ಕಾವಲುಗಾರ, ಇವರಿಗೆ ಎಷ್ಟು ಸಂಬಳ, ಯಾವ ತಾರೀಖಿಗೆ ಕೈಸೇರುತ್ತದೆ, ಎಷ್ಟು ಬಾಕಿ ಇದೆ ಎಂಬುದನ್ನು ಬರೆಯಿರಿ. ಮುಂದಿನ ಕಮಿಟಿ ಸಭೆಯಲ್ಲಿ, ಹೊಸ ಕಟ್ಟಡದ ಚರ್ಚೆಗಿಂತ ಮೊದಲು, ಆ ಪಟ್ಟಿಯನ್ನು ಗಟ್ಟಿಯಾಗಿ ಓದಿ ಬಾಕಿಯನ್ನು ಅಂದೇ ಕೊಡಿ.

ನಮಸ್ಕಾರ.