ಸಮೀಕರಣ ಸರಿದೂಗಿಸೋಣ ಬನ್ನಿ

ಕೇಳುಗರಿಗೆ ನಮಸ್ಕಾರ. ಹತ್ತನೇ ತರಗತಿಯ ಮಕ್ಕಳೇ, ಒಂದು ಹಾಳೆ, ಒಂದು ಪೆನ್ನು ಹತ್ತಿರ ಇಟ್ಟುಕೊಳ್ಳಿ. ನಿಮ್ಮ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲೇ ರಾಸಾಯನಿಕ ಸಮೀಕರಣ ಬರುತ್ತದೆ. ತುಂಬಾ ಮಕ್ಕಳು ಅದನ್ನು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಎಣಿಸಲು ಬಂದರೆ ಸಾಕು, ಬಾಯಿಪಾಠ ಬೇಕಾಗಿಲ್ಲ.

ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆ ಹಿಡಿಯುವ ಮುಂಚೆ ಮೆಣಸಿಗೆ, ಅಡಿಕೆಗೆ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣ ಹೊಡೆಯುವುದನ್ನು ನೋಡಿರುತ್ತೀರಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಬೇರೆ ಬೇರೆ ಕಲಸಿ, ಆಮೇಲೆ ಬೆರೆಸಿದರೆ ತಿಳಿನೀಲಿ ದ್ರಾವಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಸುಣ್ಣದ ನೀರಲ್ಲಿರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸರಳವಾಗಿ ಬರೆದರೆ, ಇವೆರಡೂ ಸೇರಿ ತಾಮ್ರದ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತವೆ. ಸಮೀಕರಣದಲ್ಲಿ ಬೆರೆಸಿದ ವಸ್ತುಗಳು ಬಾಣದ ಎಡಕ್ಕೆ, ಆದ ವಸ್ತುಗಳು ಬಲಕ್ಕೆ. ಬಾಣದ ಆಚೆ ಈಚೆ ಎಣಿಸಿ. ತಾಮ್ರ ಒಂದೊಂದು, ಕ್ಯಾಲ್ಸಿಯಂ ಒಂದೊಂದು, ಸಲ್ಫೇಟ್ ಒಂದೊಂದು, ಹೈಡ್ರಾಕ್ಸೈಡ್ ಎರಡೆರಡು. ಆಗಲೇ ಸರಿದೂಗಿದೆ!

ಎಣಿಸುವುದು ಯಾಕೆ? ಡ್ರಮ್ಮಿಗೆ ಹಾಕಿದ ತಾಮ್ರ ಎಲ್ಲಿಗೂ ಹೋಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ. ಕ್ರಿಯೆಗೆ ಮುಂಚೆ ಎಷ್ಟು ವಸ್ತು ಇತ್ತೋ ಆಮೇಲೂ ಅಷ್ಟೇ ಇರುತ್ತದೆ ಎಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ 1789ರ ತಮ್ಮ ಪುಸ್ತಕದಲ್ಲಿ ಬರೆದರು.

ಈಗ ಸ್ವಲ್ಪ ಕಷ್ಟದ್ದು. ಅಡುಗೆ ಗ್ಯಾಸಿನಲ್ಲಿ ಬ್ಯೂಟೇನ್ ಇರುತ್ತದೆ. ಅದರ ಒಂದು ಅಣುವಿನಲ್ಲಿ ಕಾರ್ಬನ್ 4, ಹೈಡ್ರೋಜನ್ 10. ಅದು ಆಕ್ಸಿಜನ್ ಜೊತೆ ಉರಿದು ಕಾರ್ಬನ್ ಡೈಆಕ್ಸೈಡ್, ನೀರು ಆಗುತ್ತದೆ. ಮೊದಲು ಕಾರ್ಬನ್ ಹಿಡಿಯಿರಿ. ಈ ಕಡೆ 4 ಇದ್ದರೆ ಆ ಕಡೆ ಕಾರ್ಬನ್ ಡೈಆಕ್ಸೈಡ್ 4 ಬೇಕು. ಹೈಡ್ರೋಜನ್ 10, ಒಂದು ನೀರಿಗೆ ಎರಡರಂತೆ 5 ನೀರು. ಆಕ್ಸಿಜನ್ ಕೊನೆಗೆ ಇಟ್ಟುಕೊಳ್ಳಿ, ಎಡಗಡೆ ಅದು ಬೇರೆ ಧಾತುವಿನ ಜೊತೆ ಸೇರದೆ ಬರುತ್ತದೆ, ಲೆಕ್ಕ ಸುಲಭ. ಬಲಗಡೆ ಆಕ್ಸಿಜನ್ 8 ಮತ್ತು 5, ಒಟ್ಟು 13. ಆದರೆ ಗಾಳಿಯಲ್ಲಿ ಆಕ್ಸಿಜನ್ ಇರುವುದು ಜೋಡಿಯಾಗಿ. 13 ಅಂದರೆ ಆರೂವರೆ ಜೋಡಿ! ಅರ್ಧ ಅಣು ಎಲ್ಲಿಂದ ತರುವುದು? ಎಲ್ಲವನ್ನೂ ದುಪ್ಪಟ್ಟು ಮಾಡಿ. ಬ್ಯೂಟೇನ್ 2, ಆಕ್ಸಿಜನ್ 13, ಕಾರ್ಬನ್ ಡೈಆಕ್ಸೈಡ್ 8, ನೀರು 10. ಈಗ ಎರಡೂ ಕಡೆ ಆಕ್ಸಿಜನ್ ಪರಮಾಣು 26. ನೀವೇ ಎಣಿಸಿ ನೋಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೂತ್ರದ ಕೆಳಗಿರುವ ಚಿಕ್ಕ ಅಂಕಿ ಮುಟ್ಟಬೇಡಿ. ಆ ಅಂಕಿಯೇ ವಸ್ತುವಿನ ಗುರುತು. ಆಕ್ಸಿಜನ್ ಕಡಿಮೆ ಬಿತ್ತು ಅಂತ ನೀರಿನ ಸೂತ್ರಕ್ಕೆ ಇನ್ನೊಂದು ಸೇರಿಸಿದರೆ ಅದು ನೀರಾಗಿ ಉಳಿಯುವುದಿಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಗಾಯಕ್ಕೆ ಹಾಕಿದರೆ ನೊರೆ ಬರುತ್ತಲ್ಲ, ಅದೇ. ನೀವು ಬದಲಿಸಬಹುದಾದದ್ದು ಸೂತ್ರದ ಮುಂದಿನ ಅಂಕಿ ಮಾತ್ರ.

ಮನೆಗೆಲಸಕ್ಕೆ ಒಂದು. ಕಾದ ಕಬ್ಬಿಣದ ಮೇಲೆ ನೀರಿನ ಹಬೆ ಹಾಯಿಸಿದರೆ ಒಂದು ಆಕ್ಸೈಡ್ ಬರುತ್ತದೆ, ಕಬ್ಬಿಣ 3, ಆಕ್ಸಿಜನ್ 4 ಇರುವುದು. ಜೊತೆಗೆ ಹೈಡ್ರೋಜನ್ ಅನಿಲ. ಮುಂದಿನ ಅಂಕಿಗಳು ಸಾಲಾಗಿ 3, 4, 1, 4 ಬಂದರೆ ನಿಮ್ಮ ಲೆಕ್ಕ ಸರಿ. ನಮಸ್ಕಾರ.